ಮೊಗ್ರಾಲ್ ಪುತ್ತೂರು ಎರಡು ಸಲ ಬಂದದ್ದೇಕೆ?

ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಐಟಿ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಕೇರಳದ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಉಬುಂಟು ಆಧರಿಸಿದ ಲಿನಕ್ಸ್ ಇರುವುದರಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮೊದಲೇ ಸಿದ್ಧವಾಗಿರುತ್ತದೆ. ಕಂಟ್ರೋಲ್, ಆಲ್ಟ್, ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್, ತೆರೆಯುತ್ತದೆ. ಅಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಪೈಥಾನ್3 ಎಂದು ಬರೆದು ಎಂಟರ್ ಒತ್ತಿದರೆ ಆವೃತ್ತಿಯ ಸಂಖ್ಯೆ ಬರುತ್ತದೆ, ಅದರ ಕೆಳಗೆ >>> ಗುರುತು. ಇನ್ನು ಕೇಳುವುದು ನಮ್ಮ ಸರದಿ.

ಮಕ್ಕಳಿಗೆ ಮೊದಲು ಎಡಿಟರ್ ತೆರೆದು ಫೈಲ್ ಸೇವ್ ಮಾಡುವುದನ್ನು ಕಲಿಸುವುದು ವಾಡಿಕೆ. ನಾನು ಇಲ್ಲಿಂದಲೇ ಶುರುಮಾಡಿಸುತ್ತೇನೆ. ಒಂದು ಸಾಲು ಬರೆದರೆ ಒಂದು ಉತ್ತರ. ತಪ್ಪಿದರೆ ಆ ಸಾಲಿಗೇ ಎರರ್. ಬಾಣದ ಕೀಲಿ ಮೇಲಕ್ಕೆ ಒತ್ತಿದರೆ ಹಿಂದಿನ ಸಾಲು ವಾಪಸ್ ಬರುತ್ತದೆ, ತಿದ್ದಿ ಮತ್ತೆ ಓಡಿಸಬಹುದು. ಬರೀ ಕೆಳಗೆರೆ (_) ಬರೆದರೆ ಕೊನೆಯ ಉತ್ತರ ಸಿಗುತ್ತದೆ. ಹೊರಗೆ ಬರಲು ಕಂಟ್ರೋಲ್ ಡಿ. ಇಷ್ಟು ಗೊತ್ತಿದ್ದರೆ ಆರಂಭಕ್ಕೆ ಸಾಕು.

ಕನ್ನಡದಲ್ಲೇ ಕೇಳಬಹುದು ಎಂಬುದು ಮಕ್ಕಳಿಗೆ ಬಹಳ ಇಷ್ಟ. ತೂಕ = 24 ಎಂದು ಬರೆದರೆ ಪೈಥಾನ್ 3 ತಕರಾರಿಲ್ಲದೆ ಒಪ್ಪುತ್ತದೆ, ವೇರಿಯಬಲ್ ಹೆಸರು ಕನ್ನಡದಲ್ಲಿದ್ದರೂ ಸರಿ. ನೇರವಾಗಿ ೨೪ ಎಂದರೆ ಸಿಂಟ್ಯಾಕ್ಸ್ ಎರರ್. ಅದನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿ, ಪೂರ್ಣಾಂಕ ಮಾಡುವ ಇಂಟ್‌ಗೆ ಕೊಟ್ಟರೆ 24 ಬರುತ್ತದೆ. ಹಳೆಯ ರಿಜಿಸ್ಟರ್‌ನಲ್ಲಿದ್ದ ಕನ್ನಡ ಅಂಕಿಗಳನ್ನು ಹಾಗೆಯೇ ಟೈಪ್ ಮಾಡಿಸಿ ಕೂಡಿಸಲು ಇದು ನನಗೆ ತುಂಬ ಉಪಯೋಗಕ್ಕೆ ಬಂದಿದೆ.

ಉದ್ದ ಎಣಿಸುವ ಲೆನ್ ಎಂಬ ಫಂಕ್ಷನ್‌ಗೆ "ಕಾಸರಗೋಡು" ಕೊಟ್ಟರೆ 8 ಎನ್ನುತ್ತದೆ. "ಐದೇ ಅಕ್ಷರ ಅಲ್ಲವಾ ಸರ್?" ಎಂದು ಒಬ್ಬಳು ಕೇಳಿದಳು. ಉತ್ತರ ನಾನು ಹೇಳಲಿಲ್ಲ, ಲೆನ್ ಬದಲು ಲಿಸ್ಟ್ ಎಂದು ಬರೆಯಲು ಹೇಳಿದೆ. ಕ, ದೀರ್ಘದ ಚಿಹ್ನೆ, ಸ, ರ, ಗ, ಓತ್ವ, ಡ, ಕೊಂಬು ಬಿಡಿಬಿಡಿಯಾಗಿ ಸಾಲಾಗಿ ನಿಂತವು. ಗುಣಿತಾಕ್ಷರವನ್ನು ಕಂಪ್ಯೂಟರ್ ಹೇಗೆ ಇಟ್ಟುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ನನಗೆ ಗೊತ್ತಿಲ್ಲ.

ಇದೇ ಲಿಸ್ಟ್ ಆಮೇಲೆ ನನ್ನ ಕೆಲಸಕ್ಕೂ ಬಂತು. ಯಾವ ಪಂಚಾಯತಿನಿಂದ ಎಷ್ಟು ಮಕ್ಕಳು ಬರುತ್ತಾರೆ ಎಂಬ ಪಟ್ಟಿ ಬೇಕಿತ್ತು. ಬೇರೆ ಬೇರೆಯವರು ಟೈಪ್ ಮಾಡಿದ ಫೈಲ್‌ಗಳನ್ನು ಸೇರಿಸಿ ಎಣಿಸಿದಾಗ ಬದಿಯಡ್ಕ, ಮಧೂರು, ಕುಂಬಳೆ ಸರಿಯಾಗಿದ್ದವು. ಮೊಗ್ರಾಲ್ ಪುತ್ತೂರು ಮಾತ್ರ ಎರಡು ಕಡೆ, ಬೇರೆ ಬೇರೆ ಸಂಖ್ಯೆಯೊಂದಿಗೆ. ಕಣ್ಣಿಗೆ ಎರಡೂ ಒಂದೇ. ಎರಡನ್ನೂ ಕಾಪಿ ಮಾಡಿ >>> ಮುಂದೆ ಇಟ್ಟು, ನಡುವೆ ಎರಡೂ ಒಂದೇನಾ ಎಂದು ಕೇಳುವ == ಹಾಕಿದೆ: ಫಾಲ್ಸ್, ಅಂದರೆ ಅಲ್ಲ. ಲೆನ್ ಕೇಳಿದೆ: ಒಂದು 17, ಇನ್ನೊಂದು 18. ಲಿಸ್ಟ್ ಹಾಕಿದಾಗ ಲ್ ಮುಗಿದ ಜಾಗದಲ್ಲಿ, ಖಾಲಿ ಜಾಗಕ್ಕೆ ಮೊದಲು, ಯು200ಸಿ ಎಂಬ ಗುರುತು ಕಂಡಿತು. ಅದು ಶೂನ್ಯ ಅಗಲದ ಬಿಡಿಸುವ ಅಕ್ಷರ. ಕೆಲವು ಕೀಲಿಮಣೆ ವಿನ್ಯಾಸಗಳಲ್ಲಿ ಅರ್ಧಾಕ್ಷರ ಟೈಪ್ ಮಾಡುವಾಗ ಇದು ತಾನಾಗಿ ಸೇರಿಕೊಳ್ಳುತ್ತದೆ, ಪರದೆಯ ಮೇಲೆ ಕಾಣುವುದೇ ಇಲ್ಲ. ಪೈಥಾನ್ ಲಿಸ್ಟ್ ತೋರಿಸುವಾಗ ಕಾಣದ ಅಕ್ಷರಗಳನ್ನು ಸಂಕೇತದಲ್ಲಿ ಬರೆಯುವುದರಿಂದ ಸಿಕ್ಕಿಬಿದ್ದಿತು.

ಹಾಗೆಂದು ಕಂಡಕಂಡಲ್ಲಿ ಅದನ್ನು ಅಳಿಸಬಾರದು. ರಾಜ್‌ಕುಮಾರ್ ಎಂಬ ಹೆಸರಿನ ನಡುವೆ ಅದು ಇರಲೇಬೇಕು, ತೆಗೆದರೆ ಜ ಕೆಳಗೆ ಕ ಒತ್ತಾಗಿ ಕೂರುತ್ತದೆ. ಮಕ್ಕಳ ಹೆಸರು ಸರ್ಟಿಫಿಕೇಟಿಗೆ ಹೋಗುವಂಥದ್ದು, ಅದರಲ್ಲಿ ಇಂಥ ಎಡವಟ್ಟು ಆಗಕೂಡದು. ಆದ್ದರಿಂದ ಪದದ ಕೊನೆಯಲ್ಲಿ ಇದ್ದರೆ ಮಾತ್ರ ತೆಗೆದೆ. ತುದಿಗಳನ್ನು ಕತ್ತರಿಸುವ ಸ್ಟ್ರಿಪ್ ಅನ್ನು ಸುಮ್ಮನೆ ಕರೆದರೆ ಖಾಲಿ ಜಾಗವನ್ನಷ್ಟೇ ತೆಗೆಯುತ್ತದೆ, ಇದನ್ನು ಮುಟ್ಟುವುದಿಲ್ಲ. ಸ್ಪ್ಲಿಟ್‌ನಿಂದ ಪದ ಬಿಡಿಸಿ, ಪ್ರತಿ ಪದಕ್ಕೂ ಕೊನೆಯನ್ನು ಮಾತ್ರ ಕತ್ತರಿಸುವ ಆರ್‌ಸ್ಟ್ರಿಪ್ ಕೊಟ್ಟು, ಅದರ ಆವರಣದೊಳಗೆ ಈ ಅಕ್ಷರವನ್ನು ಹೆಸರಿಸಬೇಕು.

>>> ಮುಂದೆ ಸರಿಬಂದ ಸಾಲುಗಳನ್ನೆಲ್ಲ ಒಂದು ಫೈಲಿಗೆ ಹಾಕಿದೆ. ಅದನ್ನು ಓಡಿಸುವಾಗ ಪೈಥಾನ್3 ಆದಮೇಲೆ ಮೈನಸ್ ಐ, ಆಮೇಲೆ ಫೈಲಿನ ಹೆಸರು. ಫೈಲ್ ಓಡಿ ಮುಗಿದರೂ ಸಾಲು ಓದಿ ಉತ್ತರಿಸುವ ಇಂಟರ್‌ಪ್ರಿಟರ್ ಮುಚ್ಚುವುದಿಲ್ಲ, ಓದಿಕೊಂಡ ಪಟ್ಟಿ ಕೈಯಲ್ಲೇ ಇರುತ್ತದೆ, ಮತ್ತೆ ಪ್ರಶ್ನೆ ಕೇಳಬಹುದು. ಪಟ್ಟಿ ಕೆಲಸ ಮಾಡುವವರಿಗೆ ನಾನು ಮೊದಲು ಹೇಳಿಕೊಡುವ ಆಯ್ಕೆ ಇದೇ.

ಲೈಬ್ರರಿಯ ಪದಪಟ್ಟಿಯನ್ನು ಅಕಾರಾದಿ ಮಾಡಿದ್ದೂ ಹಾಗೆಯೇ. ಪಟ್ಟಿಯನ್ನು ಕ್ರಮಕ್ಕೆ ತರುವ ಸಾರ್ಟೆಡ್, ಪ್ರತಿ ಅಕ್ಷರಕ್ಕೂ ಇರುವ ಯುನಿಕೋಡ್ ಎಂಬ ಸಂಖ್ಯೆ ನೋಡಿ ಜೋಡಿಸುತ್ತದೆ. ಅಲ್ಲಿ ಳ ಇರುವುದು ಲ ಪಕ್ಕದಲ್ಲಿ, ವ ಗಿಂತ ಮೊದಲು. ಹಾಗಾಗಿ ಕಳಸ ಮೊದಲು, ಕವಡೆ ಆಮೇಲೆ ಬರುತ್ತದೆ; ನಮ್ಮ ವರ್ಣಮಾಲೆಯಲ್ಲಿ ಳ ಇರುವುದು ಹ ಆದಮೇಲೆ. ಹ ಅಕ್ಷರದ ಸಂಖ್ಯೆ 3257, ಮುಂದಿನ 3258 ಯಾವ ಅಕ್ಷರಕ್ಕೂ ಕೊಡದೆ ಖಾಲಿ ಬಿಟ್ಟದ್ದು. ಸಾರ್ಟೆಡ್‌ಗೆ ಕೀ, ಅಂದರೆ ಯಾವುದನ್ನು ನೋಡಿ ಜೋಡಿಸಬೇಕು ಎಂಬ ಸೂಚನೆ, ಕೊಟ್ಟು, ಹೋಲಿಸುವಾಗ ಮಾತ್ರ ಳ ಬದಲು ಆ ಖಾಲಿ ಸಂಖ್ಯೆ ಇಟ್ಟೆ. ಮೂಲ ಪದಕ್ಕೆ ಏನೂ ಆಗುವುದಿಲ್ಲ, ಕವಡೆ ಮೇಲೆ ಬಂತು, ಕಳಸ ಕೆಳಗೆ ಹೋಯಿತು.