ಬ್ಯಾಂಕಿನ ಲೆಕ್ಕ ಓದುವುದು ಹೇಗೆ?

ಬ್ಯಾಂಕಿನ ವಾರ್ಷಿಕ ವರದಿ ಕೈಗೆ ಬಂದರೆ ಬಹುತೇಕರು ಲಾಭದ ಸಾಲು ನೋಡಿ ಮಡಚಿಡುತ್ತಾರೆ. ಷೇರು ಕೊಳ್ಳುವವರೂ ಹೀಗೆಯೇ ಮಾಡುವುದನ್ನು ಕಂಡು ರೋಸಿ ಇದನ್ನು ಬರೆಯುತ್ತಿದ್ದೇನೆ. ಲಾಭದ ಪುಟ ಬಿಡಿ, ಬ್ಯಾಲೆನ್ಸ್ ಶೀಟ್, ಅಂದರೆ ಆಸ್ತಿ, ಸಾಲ, ಸ್ವಂತ ಹಣದ ಪಟ್ಟಿ ತೆರೆಯಿರಿ.

ಹಂತ 1: ಒಟ್ಟು ಆಸ್ತಿಯನ್ನು ಸ್ವಂತ ಬಂಡವಾಳದಿಂದ ಭಾಗಿಸಿ. ಅಮೆರಿಕದ ಹೂಡಿಕೆ ಬ್ಯಾಂಕು ಲೆಹ್ಮನ್ ಬ್ರದರ್ಸ್‌ನ 2007ರ ಲೆಕ್ಕದಲ್ಲಿ ಆಸ್ತಿ 69,100 ಕೋಟಿ ಡಾಲರ್, ಸ್ವಂತ ಹಣ 2,250 ಕೋಟಿ. ಸುಮಾರು 31 ಪಟ್ಟು! ಆಸ್ತಿಯ ಬೆಲೆ ನೂರಕ್ಕೆ ಮೂರೂವರೆ ಇಳಿದರೆ ಬಂಡವಾಳವೇ ಇಲ್ಲ. 2008ರ ಸೆಪ್ಟೆಂಬರ್ 15ರಂದು ಅದು ದಿವಾಳಿ ಅರ್ಜಿ ಹಾಕಿತು. ಸಾಲ ತೀರಿಸುವ ಶಕ್ತಿಗೆ ಏಜೆನ್ಸಿಗಳು ಕೊಡುವ ರೇಟಿಂಗ್ ನೋಡಿದರೆ ಸಾಲದೇ ಎನ್ನುವವರಿಗೆ: ಆ ತಿಂಗಳೂ ಅದರ ದರ್ಜೆ 'ಎ', ಅಂದರೆ ಒಳ್ಳೆಯದೇ ಇತ್ತು.

ಹಂತ 2: ಎಲ್ಲರೂ ಎಡವುವುದು ಇಲ್ಲಿ. 'ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವ ಬಾಂಡ್‌ಗಳು' ಎಂಬ ಸಾಲನ್ನು ಹುಡುಕಿ. ಬಾಂಡ್ ಎಂದರೆ ನಿಗದಿತ ಬಡ್ಡಿ ಕೊಡುವ ಸಾಲಪತ್ರ. ಬಡ್ಡಿ ದರ ಏರಿದಾಗ ಹಳೆಯ ಬಾಂಡಿನ ಬೆಲೆ ಬೀಳುತ್ತದೆ. ಹೊಸದು ಹೆಚ್ಚು ಬಡ್ಡಿ ಕೊಡುವಾಗ ಹಳೆಯದನ್ನು ಪೂರ್ತಿ ಬೆಲೆಗೆ ಯಾರು ಕೊಳ್ಳುತ್ತಾರೆ? ಆದರೆ ಈ ಗುಂಪಿಗೆ ಸೇರಿಸಿದ ಬಾಂಡಿನ ನಷ್ಟವನ್ನು ಬಂಡವಾಳದಿಂದ ಕಳೆಯಬೇಕಿಲ್ಲ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನ 2022ರ ಲೆಕ್ಕ ನೋಡಿ. ಈ ಸಾಲಿನ ತುದಿಯಲ್ಲಿ 9,130 ಕೋಟಿ ಡಾಲರ್. ಅದೇ ಸಾಲಿನ ಆವರಣ ಚಿಹ್ನೆಯೊಳಗೆ, ಪೇಟೆ ಬೆಲೆ 7,620 ಕೋಟಿ. ಕಳೆಯಿರಿ: 1,510 ಕೋಟಿ. ಸ್ವಂತ ಬಂಡವಾಳ ಇದ್ದದ್ದೇ ಸುಮಾರು 1,600 ಕೋಟಿ. ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ, ಓದುವವರಿರಲಿಲ್ಲ ಅಷ್ಟೆ. 2023ರ ಮಾರ್ಚ್ 9ರಂದು ಒಂದೇ ದಿನ ಠೇವಣಿದಾರರು 4,200 ಕೋಟಿ ಡಾಲರ್ ವಾಪಸು ಕೇಳಿದರು. ಅದಕ್ಕಾಗಿ ಆ ಬಾಂಡ್ ಮಾರಿದರೆ ಕಾಗದದ ಮೇಲಿನ ನಷ್ಟ ನಿಜವಾಗುತ್ತಿತ್ತು. ಮರುದಿನ ಬ್ಯಾಂಕಿಗೆ ಬೀಗ.

2008ರ ಪೆಟ್ಟಿನ ನಂತರ ಅಮೆರಿಕದ ಕಾನೂನು ಬಿಗಿಯಾಗಲಿಲ್ಲವೇ? ಆಯಿತು. 2010ರಲ್ಲಿ 5,000 ಕೋಟಿ ಡಾಲರ್ ಆಸ್ತಿಯ ಬ್ಯಾಂಕುಗಳಿಂದಲೇ ಕಟ್ಟುನಿಟ್ಟು ಶುರುವಾಯಿತು. 2018ರಲ್ಲಿ ಆ ಮಿತಿಯನ್ನು 25,000 ಕೋಟಿಗೆ ಏರಿಸಿದರು. ಸಿಲಿಕಾನ್ ವ್ಯಾಲಿ ಬ್ಯಾಂಕು ಆ ಗೆರೆಯ ಕೆಳಗೇ ಇತ್ತು. ಮುಳುಗಿದ ಮೇಲೆ ವಿಮೆಯಿಲ್ಲದ ಠೇವಣಿಗೂ ಸರ್ಕಾರವೇ ಖಾತರಿ ಕೊಟ್ಟಿತು. ಹೀಗಿರುವಾಗ ಯಾವ ಬ್ಯಾಂಕು ತಾನಾಗಿ ಹೆದರೀತು?

ಹಂತ 3: ವಿಮೆಯ ಮಿತಿ ಮೀರಿದ ಠೇವಣಿ ಎಷ್ಟೆಂದು ನೋಡಿ. ಬ್ಯಾಂಕು ಮುಳುಗಿದರೆ ಆ ಹಣಕ್ಕೆ ವಿಮೆಯ ರಕ್ಷಣೆ ಇಲ್ಲ, ಹಾಗಾಗಿ ಗಾಬರಿಯಾದಾಗ ಮೊದಲು ಓಡುವುದೂ ಅದೇ. ನಮ್ಮಲ್ಲಿ ಅಸಲು, ಬಡ್ಡಿ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ಮಾತ್ರ ವಿಮೆ. ಹಂಚಿಡುವುದಾದರೆ ಬೇರೆ ಬೇರೆ ಬ್ಯಾಂಕಿನಲ್ಲಿ ಇಡಿ. ಅದೇ ಬ್ಯಾಂಕಿನ ಇನ್ನೊಂದು ಶಾಖೆಯಲ್ಲಿಟ್ಟರೆ ಲೆಕ್ಕ ಒಂದೇ.