ಬಾಸ್ಕಿಯಾ ದಾರಿಯಲ್ಲಿ ಒಂದು ಮುಖ ಬರೆಯೋಣ

ಅಮೆರಿಕದ ಚಿತ್ರಕಾರ ಜಾನ್-ಮಿಷೆಲ್ ಬಾಸ್ಕಿಯಾನ ಚಿತ್ರ ನೋಡಿ 'ಇದನ್ನ ನಮ್ಮನೆ ಮಗುನೂ ಬಿಡಿಸುತ್ತೆ' ಅನ್ನುವವರೇ ಜಾಸ್ತಿ. ಬಿಡಿಸಲಿ, ನೋಡೋಣ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1960ರಲ್ಲಿ ಹುಟ್ಟಿದ ಇವನು ಆರ್ಟ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ನಿಜ. ಆದರೆ ಏಳನೇ ವಯಸ್ಸಿನಲ್ಲಿ ಕಾರು ಗುದ್ದಿ ಆಸ್ಪತ್ರೆ ಸೇರಿದ್ದಾಗ ಅಮ್ಮ ತಂದುಕೊಟ್ಟ 'ಗ್ರೇಸ್ ಅನಾಟಮಿ' ಅನ್ನುವ ವೈದ್ಯಕೀಯ ಪುಸ್ತಕದ ಎಲುಬು, ಹಲ್ಲು, ತಲೆಬುರುಡೆಗಳು ಅವನ ಚಿತ್ರಗಳಲ್ಲಿ ಕೊನೆತನಕ ಬರುತ್ತಲೇ ಇದ್ದವು. ಆ ಒರಟು ಗೆರೆಯ ಹಿಂದೆ ಕಲಿಕೆ ಇದೆ. ಹಾಗಾಗಿ ನಾವೂ ಬಣ್ಣ ಆಮೇಲೆ ಮುಟ್ಟೋಣ, ಮೊದಲು ಪೆನ್ನು.

ಎ4 ಹಾಳೆ ತಗೊಂಡು ತಲೆಬುರುಡೆ ಬರೆಯಿರಿ. ಕಣ್ಣು ತಲೆಯ ಸರಿಸುಮಾರು ನಡು ಎತ್ತರದಲ್ಲಿರುತ್ತವೆ, ಹೊಸಬರು ಯಾವಾಗಲೂ ಮೇಲಕ್ಕೆ ಬರೆದುಬಿಡುತ್ತಾರೆ. ದವಡೆ ಎಲ್ಲಿ ತಿರುಗುತ್ತದೆ, ಕೆನ್ನೆಯ ಎಲುಬು ಎಲ್ಲಿ ಉಬ್ಬುತ್ತದೆ ಅಂತ ನಿಮ್ಮ ಮುಖವನ್ನೇ ಕೈಯಲ್ಲಿ ಮುಟ್ಟಿ ನೋಡಿ. ರಬ್ಬರ್ ಬೇಡ. ತಪ್ಪಿದ ಗೆರೆ ಹಾಗೇ ಇರಲಿ, ಪಕ್ಕದಲ್ಲೇ ಇನ್ನೊಂದು ಎಳೆಯಿರಿ.

ಆ ಹಾಳೆಯನ್ನು ಜೆರಾಕ್ಸ್ ಅಂಗಡಿಗೆ ಒಯ್ಯಿರಿ. ಬಾಸ್ಕಿಯಾ ಮಾಡುತ್ತಿದ್ದದ್ದೂ ಇದನ್ನೇ. ತನ್ನ ರೇಖಾಚಿತ್ರಗಳ ಪ್ರತಿ ತೆಗೆದು ಕ್ಯಾನ್ವಾಸಿಗೆ ಅಂಟಿಸಿ, ಅದರ ಮೇಲೆ ಬಣ್ಣ ಬಳಿಯುತ್ತಿದ್ದ. ಒಂದು ದೊಡ್ಡದು, ಎರಡು ಚಿಕ್ಕದು ಮಾಡಿಸಿ. ಮನೆಯ ಇಂಕ್‌ಜೆಟ್ ಪ್ರಿಂಟ್ ಬೇಡ, ಅದರ ಶಾಯಿ ಸಾಮಾನ್ಯವಾಗಿ ಅಂಟಿನ ನೀರು ತಾಗಿದ್ದೇ ಹರಡುತ್ತದೆ. ಜೆರಾಕ್ಸಿನ ಟೋನರ್ ನೀರಿಗೆ ಕರಗುವುದಿಲ್ಲ. ಹಳೇ ನ್ಯೂಸ್‌ಪೇಪರ್ ಅಂಟಿಸುವ ಆಸೆ ಎಲ್ಲರಿಗೂ ಇರುತ್ತದೆ, ಅಂಟಿಸಿ, ಆದರೆ ಅದು ಹಳದಿ ತಿರುಗುವುದು ಖಂಡಿತ.

ಚಿತ್ರ ಬರೆಯಲು ಬಾಸ್ಕಿಯಾ ಬಾಗಿಲು, ಕಿಟಕಿ ಏನು ಸಿಕ್ಕರೂ ಬಿಡಲಿಲ್ಲ. ನಮಗೆ ಪ್ಲೈವುಡ್ ತುಂಡು ಸಾಕು. ಉಜ್ಜಿ, ಜೆಸ್ಸೊ (ಬಣ್ಣ ಹಿಡಿಯಲಿ ಅಂತ ಮೊದಲು ಬಳಿಯುವ ತಳಪದರ) ಎರಡು ಕೋಟ್ ಹೊಡೆದು ಒಣಗಿಸಿ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ಹಲಗೆಗೂ ಕಾಗದದ ಬೆನ್ನಿಗೂ ಹಚ್ಚಿ, ಹಳೇ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿನ ಕಡೆಗೆ ಗಾಳಿ ತಳ್ಳಿ. ರಾತ್ರಿಯಿಡೀ ಬಿಡಿ.

ಈಗ ಅಕ್ರಿಲಿಕ್, ಅಂದರೆ ನೀರು ಬೆರೆಸಿ ಬಳಿಯುವ ಬಣ್ಣ. ಎಲ್ಲವನ್ನೂ ಸಮನಾಗಿ ಮುಚ್ಚಿಬಿಟ್ಟರೆ ಕಾಗದ ಅಂಟಿಸಿದ್ದೇ ದಂಡ, ಅಲ್ವಾ? ಒಂದು ಕಡೆ ದಪ್ಪ ಬಿಳಿ ಬಳಿದು ಮುಖದ ಅಂಚನ್ನು ಕತ್ತರಿಸಿ, ಇನ್ನೊಂದು ಕಡೆ ನೀರಾದ ನೀಲಿ ಬಿಟ್ಟು ಕೆಳಗಿನ ಗೆರೆ ಕಾಣುವಂತೆ ಇಡಿ. ಕಣ್ಣು, ಬಾಯಿ ಮಾತ್ರ ಕೊನೆಗೆ. ನಾಲ್ಕು ಬಣ್ಣಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಹಟ.

ಅಕ್ರಿಲಿಕ್ ಪೂರ್ತಿ ಒಣಗಿದ ಮೇಲೆ ಆಯಿಲ್ ಸ್ಟಿಕ್, ಅಂದರೆ ಕಡ್ಡಿಯ ರೂಪದ ಎಣ್ಣೆ ಬಣ್ಣ. ಈ ಕ್ರಮ ಮಾತ್ರ ತಪ್ಪಬಾರದು. ಅಕ್ರಿಲಿಕ್ ನೀರು ಆರಿ ಬೇಗ ಒಣಗುತ್ತದೆ, ಎಣ್ಣೆ ಬಣ್ಣ ಗಾಳಿಯ ಆಮ್ಲಜನಕ ಹೀರಿಕೊಂಡು ದಿನಗಟ್ಟಲೆ ಗಟ್ಟಿಯಾಗುತ್ತದೆ. ಎಣ್ಣೆಯ ಮೇಲೆ ಅಕ್ರಿಲಿಕ್ ಬಳಿದರೆ ಅದು ಹಿಡಿದು ನಿಲ್ಲದೆ ಹಪ್ಪಳದ ಹಾಗೆ ಎದ್ದು ಬರುತ್ತದೆ. 2017ರ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಜಾಸ್ತಿ ಬೆಲೆಗೆ ಹೋದ ಬಾಸ್ಕಿಯಾನ 1982ರ ತಲೆಬುರುಡೆ ಚಿತ್ರದಲ್ಲೂ ಇರುವ ಸಾಮಾನು ಇಷ್ಟೇ: ಅಕ್ರಿಲಿಕ್, ಸ್ಪ್ರೇ ಪೇಂಟ್, ಆಯಿಲ್ ಸ್ಟಿಕ್. ಮಕ್ಕಳ ಆಯಿಲ್ ಪೇಸ್ಟಲ್ ಬೇರೆ, ಅದು ಎಂದಿಗೂ ಪೂರ್ತಿ ಒಣಗುವುದಿಲ್ಲ. ಬಳಸಿದರೆ ಚಿತ್ರಕ್ಕೆ ಗಾಜು ಹಾಕಿಸಲೇಬೇಕು. ಆಯಿಲ್ ಸ್ಟಿಕ್ಕಿನ ತುದಿಯಲ್ಲಿ ಕಟ್ಟಿದ ಸಿಪ್ಪೆಯನ್ನು ಚಾಕುವಿನಿಂದ ಕೆರೆದು, ಕೈ ಎತ್ತದೆ ಒಂದೇ ಎಳೆತದಲ್ಲಿ ಕಣ್ಣಿನ ಗೂಡು, ಹಲ್ಲಿನ ಸಾಲು ಎಳೆಯಿರಿ. ಹೆದರಿ ಎಳೆದ ಗೆರೆ ದೂರದಿಂದಲೇ ಗೊತ್ತಾಗುತ್ತದೆ.

ಬಾಸ್ಕಿಯಾ ಪದಗಳನ್ನು ಬರೆದು ಹೊಡೆದು ಹಾಕುತ್ತಿದ್ದ. ಅಳಿಸಿದ್ದನ್ನೇ ಜನ ಬಗ್ಗಿ ಓದುತ್ತಾರೆ. ನೀವು ಕನ್ನಡದಲ್ಲೇ ಬರೆಯಿರಿ, ದಿನಸಿ ಚೀಟಿ, ಬಸ್ಸಿನ ಬೋರ್ಡು, ಬೈಗುಳ, ಏನಾದರೂ. ಅವನ ಮೂರು ಮೊನೆಯ ಕಿರೀಟ ಮಾತ್ರ ದಯವಿಟ್ಟು ಬೇಡ, ಅದು ಅವನ ಗುರುತು. ಟೀ ಶರ್ಟಿನ ಮೇಲೆ ನೋಡಿ ನೋಡಿ ಸಾಕಾಗಿದೆ.

ಕೆಲಸ ಮುಗಿದ ಮೇಲೆ ಕೈ ಒರೆಸಿದ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಬಣ್ಣದಲ್ಲಿರುವ ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾಗಿದ್ದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರವಿ.