ಮನೆಯವರ ಕಾಯಿಲೆಯ ಅಪಾಯವನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಹೇಗೆ?

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದರಂತೆ ಬಂದಾಗ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿಯು, ಹಿಂದಿನ ಅವಧಿಗೆ ಹೋಲಿಸಿದರೆ ಅಸಹಜ ಏರಿಕೆ ಕಂಡುಬಂದಿಲ್ಲವೆಂದೂ, ಮೃತರಲ್ಲಿ ಅನೇಕರಿಗೆ ಧೂಮಪಾನ, ಮದ್ಯಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ಪರಿಚಿತ ಕಾರಣಗಳು ಇದ್ದವೆಂದೂ ತಿಳಿಸಿತು. ಇಸಿಜಿ ಹೇಳುವುದು ಆ ಹೊತ್ತಿನ ಹೃದಯದ ಸ್ಥಿತಿಯನ್ನು ಮಾತ್ರ. ಇಪ್ಪತ್ತು ವರ್ಷಗಳಿಂದ ದೇಹದೊಳಗೆ ಏನೇನು ಸೇರಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಆ ಲೆಕ್ಕವನ್ನು ನಾವೇ ಬರೆಯಬೇಕು, ಬರೆದು ವೈದ್ಯರ ಮುಂದೆ ಇಡಬೇಕು.

ಮನೆಯ ಪ್ರತಿಯೊಬ್ಬ ವಯಸ್ಕರಿಗೂ ಒಂದೊಂದು ಹಾಳೆ ಇರಲಿ. ಯಾವ ವಸ್ತು, ಅದು ಉಸಿರಿನಿಂದ ಹೋಗುತ್ತದೆಯೇ, ಬಾಯಿಯಿಂದಲೇ, ಚರ್ಮದಿಂದಲೇ, ದಿನಕ್ಕೆ ಎಷ್ಟು ಹೊತ್ತು ಅಥವಾ ಎಷ್ಟು ಪ್ರಮಾಣ, ಯಾವ ವರ್ಷದಿಂದ ಎಂಬ ನಾಲ್ಕು ವಿವರಗಳು ಸಾಕು. ಇವುಗಳಲ್ಲಿ ಕೊನೆಯದನ್ನೇ ಜನ ಬಿಟ್ಟುಬಿಡುತ್ತಾರೆ, ಆದರೆ ವೈದ್ಯರಿಗೆ ಹೆಚ್ಚು ಬೇಕಾಗುವುದು ಅದೇ. ಸಿಗರೇಟಿನ ವಿಷಯದಲ್ಲಿ ಇದಕ್ಕೊಂದು ಅಳತೆಯೇ ಇದೆ: ದಿನಕ್ಕೆ ಎಷ್ಟು ಪ್ಯಾಕು ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಿದರೆ ಪ್ಯಾಕ್-ವರ್ಷ ಸಿಗುತ್ತದೆ. ನಮ್ಮ ಅಂಗಡಿಗಳ ಪ್ಯಾಕಿನಲ್ಲಿ ಸಾಮಾನ್ಯವಾಗಿ ಹತ್ತೇ ಸಿಗರೇಟು ಇದ್ದರೂ ಈ ಲೆಕ್ಕದ ಪ್ಯಾಕು ಇಪ್ಪತ್ತರದ್ದು. ಆದ್ದರಿಂದ ದಿನಕ್ಕೆ ಹತ್ತರಂತೆ ಇಪ್ಪತ್ತು ವರ್ಷ ಸೇದಿದವರದು ಹತ್ತು ಪ್ಯಾಕ್-ವರ್ಷವಾಗುತ್ತದೆ. ಬಿಟ್ಟವರು ಬಿಟ್ಟ ವರ್ಷವನ್ನೂ ಬರೆಯಬೇಕು.

ಮೊದಲು ಅಡುಗೆಮನೆ ಮತ್ತು ಬಚ್ಚಲನ್ನು ನೋಡಿ. ಗ್ಯಾಸ್ ಬಂದ ಮೇಲೆ ಹೊಗೆ ಮುಗಿಯಿತೆಂದು ಹೇಳುವ ಮನೆಗಳಲ್ಲೂ ಸ್ನಾನದ ನೀರಿಗೆ ಹಂಡೆ ಒಲೆ ಉರಿಯುತ್ತಲೇ ಇರುತ್ತದೆ. ಒಲೆಯ ಮೇಲಿನ ಹೆಂಚು, ಜಂತಿ ಮತ್ತು ಜೇಡರಬಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದಾಗ ಅಂಟಂಟಾದ ಕಪ್ಪು ಮಸಿ ಬಂದರೆ, ಹೊಗೆ ಹೊರಗೆ ಹೋಗದೆ ಒಳಗೇ ನಿಲ್ಲುತ್ತಿದೆ ಎಂದೇ ತಿಳಿಯಬೇಕು. ಗಾಳಿಯಲ್ಲಿನ ಸೂಕ್ಷ್ಮ ಕಣಗಳಿಗೆ ನಮ್ಮ ದೇಶದ 24 ಗಂಟೆಗಳ ಮಿತಿ ಪ್ರತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ 15. ಸೌದೆ ಉರಿಯುವ ಮುಚ್ಚಿದ ಕೋಣೆಯಲ್ಲಿ ಇದು ಹಲವು ಪಟ್ಟು ಮೀರುತ್ತದೆ. ಒಂದು ಬೀಡಿಯನ್ನೂ ಸೇದದ ಹೆಂಗಸರಿಗೆ ಅರವತ್ತರ ಆಸುಪಾಸಿನಲ್ಲಿ ಶ್ವಾಸಕೋಶ ಸೊರಗಿ ಏದುಸಿರು ಹತ್ತುವುದಕ್ಕೆ ಈ ಹೊಗೆ ಒಂದು ಮುಖ್ಯ ಕಾರಣ. ಅದೇ ಕಣಗಳು ರಕ್ತನಾಳಗಳಿಗೂ ಹಾನಿ ಮಾಡುತ್ತವೆ ಎಂಬುದನ್ನು ಮರೆಯಬಾರದು. ಹೊಗೆಗೂಡು ಕಟ್ಟಿಸುವುದು, ಸಿಲ್ವರ್ ಓಕ್ ಮತ್ತು ಕಾಫಿ ಗಿಡದ ಕೊಂಬೆ ಸವರಿದಾಗ ಸಿಗುವ ಸೌದೆಯನ್ನು ಮಳೆಗಾಲಕ್ಕೆ ಮೊದಲೇ ಒಣಗಿಸಿ ಒಟ್ಟುವುದು, ಮಕ್ಕಳನ್ನು ಬಚ್ಚಲೊಲೆಯ ಮುಂದೆ ಚಳಿ ಕಾಯಿಸಲು ಕೂರಿಸದಿರುವುದು, ಇವು ದೊಡ್ಡ ಖರ್ಚಿಲ್ಲದ ಕೆಲಸಗಳು. ಬೆಂಕಿ ಹೊತ್ತಿಸಲು ಹಾಲಿನ ಕವರು, ಗೊಬ್ಬರದ ಚೀಲದ ಚೂರು ಹಾಕುವ ಅಭ್ಯಾಸವನ್ನಂತೂ ಇಂದೇ ನಿಲ್ಲಿಸಬೇಕು. ಪ್ಲಾಸ್ಟಿಕ್ಕಿನ ಹೊಗೆ ಸೌದೆಯ ಹೊಗೆಗಿಂತ ಕೆಟ್ಟದ್ದು.

ಎರಡನೆಯದು ತೋಟ ಮತ್ತು ಹೊಲದಲ್ಲಿ ಹೊಡೆಯುವ ಔಷಧಿ. ನನ್ನ ಅಭಿಪ್ರಾಯದಲ್ಲಿ ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡೂ ಜಿಲ್ಲೆಗಳಲ್ಲಿ ಅತಿ ಕಡಿಮೆ ಲೆಕ್ಕಕ್ಕೆ ಸಿಗುವ ಅಂಶ ಇದೇ. ಹಾಸನದ ಆಲೂಗಡ್ಡೆಗೆ ಅಂಗಮಾರಿ ಬಾರದಂತೆ, ಮಲೆನಾಡಿನ ಅಡಿಕೆಗೆ ಕೊಳೆ ಹತ್ತದಂತೆ, ಕಾಫಿಗೆ ಕಾಂಡಕೊರಕ ಬೀಳದಂತೆ ಸಿಂಪಡಿಸುವವರು ಸಾಮಾನ್ಯವಾಗಿ ಮೂಗಿಗೊಂದು ಬಟ್ಟೆ ಕಟ್ಟಿಕೊಂಡರೆ ಸಾಕೆಂದು ತಿಳಿಯುತ್ತಾರೆ. ವಾಸ್ತವವಾಗಿ ಸಿಂಪಡಿಸುವಾಗ ಕೀಟನಾಶಕದ ಬಹುಪಾಲು ದೇಹಕ್ಕೆ ಸೇರುವುದು ಚರ್ಮದ ಮೂಲಕ. ಬೆನ್ನಿಗೆ ಹೊತ್ತ ಕ್ಯಾನಿನ ಮುಚ್ಚಳದಿಂದ ಸೋರಿದ ದ್ರಾವಣ ಅಂಗಿಯನ್ನು ನೆನೆಸಿ, ಅದೇ ಅಂಗಿಯಲ್ಲಿ ಸಂಜೆಯವರೆಗೂ ಇದ್ದರೆ ಬೆನ್ನು ಇಡೀ ದಿನ ಔಷಧಿ ಕುಡಿಯುತ್ತಿರುತ್ತದೆ. ಆ ಬಟ್ಟೆಯನ್ನು ಒಗೆಯುವ ಮನೆಯಾಕೆಯ ಹಾಳೆಯಲ್ಲೂ ಔಷಧಿಯ ಹೆಸರು ಬರಬೇಕು.

ಹಾಳೆಯಲ್ಲಿ ‘ಔಷಧಿ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಡಬ್ಬಿಯ ಚೀಟಿಯಲ್ಲಿರುವ ರಾಸಾಯನಿಕದ ಹೆಸರನ್ನು ಬರೆಯಿರಿ ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಚೀಟಿಯ ಬಣ್ಣದ ಗುರುತನ್ನೂ ನೋಡಿ: ಕೆಂಪು ಅತ್ಯಂತ ವಿಷಕಾರಿ, ಹಳದಿ ಅದಕ್ಕಿಂತ ಒಂದು ಹಂತ ಕಡಿಮೆ, ನೀಲಿ ಮಧ್ಯಮ, ಹಸಿರು ಕಡಿಮೆ ವಿಷದ್ದು. ಆದರೆ ಹಸಿರು ಎಂದರೆ ನಿರುಪದ್ರವಿ ಎಂದಲ್ಲ, ಏಕೆಂದರೆ ಬಣ್ಣ ಹೇಳುವುದು ಒಮ್ಮೆಲೇ ಮೈಗೆ ಹೋದರೆ ಆಗುವ ಅಪಾಯವನ್ನು. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಸೇರಿದರೆ ಏನಾಗುತ್ತದೆ ಎಂಬುದು ಅದರಲ್ಲಿ ಇಲ್ಲ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ತಲೆಮಾರುಗಳಿಂದ ಬಳಸುತ್ತಿರುವುದರಿಂದ ಅದನ್ನು ಯಾರೂ ವಿಷವೆಂದು ಎಣಿಸುವುದಿಲ್ಲ; ಆದರೆ ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ಇದನ್ನೇ ವರ್ಷಗಟ್ಟಲೆ ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಸೇರಿ ಗಂಟುಗಳಾಗಿದ್ದನ್ನು ವೈದ್ಯರು 1969ರಲ್ಲೇ ವರದಿ ಮಾಡಿದ್ದಾರೆ. ಗಾಳಿಯ ಎದುರಿಗೆ ನಿಂತು ಹೊಡೆಯಬಾರದು, ಉದ್ದ ತೋಳಿನ ಅಂಗಿ, ರಬ್ಬರ್ ಕೈಗವಸು ಮತ್ತು ಕನ್ನಡಕ ಹಾಕಬೇಕು, ಕೆಲಸ ಮುಗಿದೊಡನೆ ಸೋಪು ಹಚ್ಚಿ ಮೈ ತೊಳೆಯಬೇಕು, ಆ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು. ಸಿಂಪಡಿಸಿದ ಮೇಲೆ ವಾಂತಿ, ವಿಪರೀತ ಬೆವರು, ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಬೇಕು. ಕಳೆನಾಶಕಗಳಲ್ಲಿ ಪ್ಯಾರಾಕ್ವಾಟ್‌ಗೆ ಪ್ರತಿವಿಷವೇ ಇಲ್ಲ; ಅದನ್ನು ತಂಪು ಪಾನೀಯದ ಬಾಟಲಿಗೆ ಸುರಿದಿಡುವುದು ಕೊಲೆಗೆ ಸಮಾನವಾದ ಅಜಾಗ್ರತೆ.

ಮೂರನೆಯದು ನೀರು, ಮತ್ತು ಇಲ್ಲಿ ನೀವು ಯಾವ ತಾಲ್ಲೂಕಿನವರು ಎಂಬುದು ಬಹಳ ಮುಖ್ಯ. ಸಕಲೇಶಪುರ, ಮೂಡಿಗೆರೆಯ ಕಡೆ ಗುಡ್ಡದಿಂದ ಪೈಪಿನಲ್ಲಿ ಬರುವ ನೀರಿಗೆ ಕುದಿಸುವುದೇ ಸರಿಯಾದ ಉಪಾಯ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನಡೆಯುವ ತಿಂಗಳುಗಳಲ್ಲಿ ಹಳ್ಳದ ನೀರು ಬಣ್ಣಗೆಟ್ಟು ವಾಸನೆ ಬಂದರೆ ಅದನ್ನು ಬಳಸಲೇಬಾರದು. ಬಯಲುಸೀಮೆಯಾದ ಅರಸೀಕೆರೆ ಮತ್ತು ಕಡೂರಿನ ಆಳದ ಕೊಳವೆಬಾವಿಗಳ ಸಮಸ್ಯೆ ಫ್ಲೋರೈಡ್, ಅದು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಭಾರತೀಯ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕದ್ದು, ಬೇರೆ ನೀರು ಇಲ್ಲದಿದ್ದರೆ 1.5 ಕೊನೆಯ ಮಿತಿ. ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆ ಬೀಳುವುದು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ. ಆದ್ದರಿಂದ ಶುದ್ಧ ನೀರಿನ ಘಟಕದ ಕ್ಯಾನು ಒಂದೇ ಸಿಗುವುದಾದರೆ ಅದು ಮೊದಲು ಚಿಕ್ಕ ಮಕ್ಕಳ ಕುಡಿಯುವ ನೀರಿಗೆ ಮತ್ತು ಅವರ ಅನ್ನ ಬೇಯಿಸುವುದಕ್ಕೆ ಸಲ್ಲಬೇಕು. ದೊಡ್ಡವರಲ್ಲಿ ವರ್ಷಗಟ್ಟಲೆ ಮುಂದುವರಿದರೆ ಕೀಲು ಬಿಗಿದು ಬೆನ್ನು ಬಗ್ಗದಂತಾಗುತ್ತದೆ, ಅದನ್ನು ಬರಿಯ ವಾತವೆಂದು ಸುಮ್ಮನಿರಬಾರದು.

ಕೊಪ್ಪ, ನರಸಿಂಹರಾಜಪುರ, ಶೃಂಗೇರಿಯ ಕಾಡಂಚಿನವರು ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಬೇಕು: ಡಿಸೆಂಬರಿನಿಂದ ಮೇವರೆಗೆ ಸೌದೆಗೆ, ದರಗಿಗೆ (ಒಣ ಎಲೆಗೆ), ದನ ಮೇಯಿಸಲು ಕಾಡಿಗೆ ಹೋಗುವವರು ಯಾರು? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗು ಕಚ್ಚುವುದರಿಂದ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು; ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಬೇಕು.

ಇನ್ನು ಅಭ್ಯಾಸಗಳು. ಎಲೆ ಅಡಿಕೆಗೆ ಹೊಗೆಸೊಪ್ಪು ಸೇರದಿದ್ದರೆ ತೊಂದರೆಯಿಲ್ಲ ಎಂಬ ನಂಬಿಕೆ ಅಡಿಕೆ ಬೆಳೆಯುವ ನಮ್ಮ ಸೀಮೆಯಲ್ಲಿ ಗಟ್ಟಿಯಾಗಿದೆ. ಹೇಳಲು ಕಷ್ಟವಾದರೂ ಹೇಳಬೇಕು: ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ತೂರಿಸಲಾಗದಷ್ಟು ಬಾಯಿ ಬಿಗಿದಿದ್ದರೆ ದಂತವೈದ್ಯರನ್ನು ಕಾಣಲೇಬೇಕು. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚದೊಳಗೆ ಇರಬೇಕು, ಉಪ್ಪಿನಕಾಯಿ ಮತ್ತು ಸಂಡಿಗೆ ಸೇರಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದೆಯೇ ಎಂದು ಬರೆಯಿರಿ. ರಕ್ತದೊತ್ತಡ ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು, ಅರ್ಧ ಗಂಟೆ ಮುಂಚಿನಿಂದ ಕಾಫಿ ಕುಡಿಯಬಾರದು. ಚಿಕ್ಕಮಗಳೂರಿನವರಿಗೆ ಈ ಎರಡನೆಯದೇ ಕಷ್ಟ.

ಹಾಳೆ ತುಂಬಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಬಿಡಲು ಹೊರಡಬೇಡಿ. ಒಂದರ ಜೊತೆ ಒಂದು ಸೇರಿದಾಗ ಅಪಾಯ ಕೂಡುವುದಷ್ಟೇ ಅಲ್ಲ, ಕೆಲವೊಮ್ಮೆ ಗುಣಿಸುತ್ತದೆ. ತಂಬಾಕು ಮತ್ತು ಮದ್ಯ ಎರಡೂ ಇರುವವರ ಬಾಯಿ ಕ್ಯಾನ್ಸರಿನ ಅಪಾಯ ಇದಕ್ಕೆ ಉದಾಹರಣೆ. ಅಂತಹ ಜೋಡಿಯನ್ನು ಮೊದಲು ಮುರಿಯಬೇಕು. ‘ಅಪಾಯ ದುಪ್ಪಟ್ಟು’ ಎಂಬ ಸುದ್ದಿ ಓದಿದಾಗ ಮೂಲದಲ್ಲಿ ಎಷ್ಟಿತ್ತು ಎಂದು ಕೇಳಿಕೊಳ್ಳಿ: ಲಕ್ಷಕ್ಕೆ ಒಂದು ಎರಡಾಗುವುದಕ್ಕೂ, ಹತ್ತಕ್ಕೆ ಒಂದು ಎರಡಾಗುವುದಕ್ಕೂ ಅಜಗಜಾಂತರವಿದೆ.

ಮೂವತ್ತು ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ಅರ್ಜಿಯಲ್ಲಿ ತಂಬಾಕು, ಸೊಂಟದ ಅಳತೆಗಳ ಜೊತೆಗೆ ಅಡುಗೆಗೆ ಯಾವ ಇಂಧನ, ಹೊಗೆ ಅಥವಾ ದೂಳಿನ ಕೆಲಸವೇ ಎಂಬ ಪ್ರಶ್ನೆಗಳೂ ಇವೆ. ಅವರು ಬಂದಾಗ ಹಾಳೆ ನೋಡಿಕೊಂಡೇ ಉತ್ತರಿಸಿ, ಆ ಅರ್ಜಿಯಲ್ಲಿ ಒಟ್ಟು ನಾಲ್ಕಕ್ಕಿಂತ ಹೆಚ್ಚು ಅಂಕ ಬಂದರೆ ತಪಾಸಣೆಯನ್ನು ಮುಂದೂಡಬೇಡಿ. ಔಷಧಿ ಹೊಡೆಯುವ ವಿಷಯವನ್ನು ನೀವಾಗಿಯೇ ಹೇಳಬೇಕು, ವೈದ್ಯರು ಕೇಳುತ್ತಾರೆಂದು ಕಾಯಬಾರದು. ಎದೆನೋವು ಬಂದು ಬೆವರುತ್ತಿದ್ದರೆ ಮಾತ್ರ ಈ ಹಾಳೆಯನ್ನಾಗಲೀ ದೂರದ ದೊಡ್ಡ ಆಸ್ಪತ್ರೆಯನ್ನಾಗಲೀ ಹುಡುಕದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅಲ್ಲಿಂದಲೇ ಇಸಿಜಿಯನ್ನು ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.